ಗಾಲ್ಫ್ ಬಾಲ್ ಮೇಲೆ ಲೋಗೋ ಹಾಕ್ಸೋದು ಹೆಂಗೆ? ಬಾಕ್ಸ್ ಸಮೇತ ಗೊತ್ತಿರೋರು ಸ್ವಲ್ಪ ಹೇಳಿ

ಬೋಗಿ ರಾಜ
ನಮಸ್ಕಾರ ಎಲ್ರಿಗೂ. ಆಫೀಸಿನ ಟೂರ್ನಮೆಂಟಿಗೆ 36 ಡಜನ್ ಬಾಲ್‌ಗೆ ಲೋಗೋ ಹಾಕ್ಸಿ, ಅದಕ್ಕೆ ನಮ್ಮದೇ ಬಾಕ್ಸ್ ಮಾಡ್ಸೋ ಕೆಲಸ ನನ್ನ ತಲೆಗೆ ಕಟ್ಟಿದಾರೆ, ಯಾಕಂದ್ರೆ ಗುಂಪಲ್ಲಿ ಗಾಲ್ಫ್ ಆಡೋನು ನಾನೊಬ್ಬನೇ ಅಂತೆ, ಆಡೋಕೂ ಬಾಲ್ ಮೇಲೆ ಪ್ರಿಂಟ್ ಹಾಕೋಕೂ ಏನು ಸಂಬಂಧವೋ ಆ ದೇವರೇ ಬಲ್ಲ. ಇಬ್ರು ಪ್ರಿಂಟರ್ಸ್ ಹತ್ರ ಕೇಳ್ದೆ. ಒಬ್ರು ಪ್ಯಾಡ್ ಪ್ರಿಂಟ್ ಮಾಡ್ತೀವಿ, ಎರಡು ಕಲರ್‌ಗಿಂತ ಜಾಸ್ತಿ ಬೇಡ, ಆ ಸಣ್ಣ ಅಕ್ಷರ ತೆಗೀರಿ ಅಂದ್ರು. ಇನ್ನೊಬ್ರು ಯುವಿ ಪ್ರಿಂಟ್, ಅಂದ್ರೆ ಇಂಕ್ ಹನಿ ಉದುರಿಸಿ ಯುವಿ ಬೆಳಕಲ್ಲಿ ಗಟ್ಟಿ ಮಾಡೋದಂತೆ, ನಿಮ್ಮ ಫೋಟೋನೇ ಕೊಡಿ ಅದನ್ನೇ ಹಾಕ್ತೀವಿ ಅಂದ್ರು. ಯಾರನ್ನ ನಂಬ್ಲಿ? ಲೋಗೋ ಒಂದು ಗುರಾಣಿ ಥರ ಇದೆ, ಒಳಗೆ ನೀಲಿಯಿಂದ ಬಿಳಿಗೆ ಇಳಿಯೋ ಶೇಡ್, ಕೆಳಗೆ ಒಂದು ಸಾಲು ಘೋಷವಾಕ್ಯ.

ಸುಮ್ನೆ ನೋಡೋನು
ಸ್ಟಿಕರ್ ಅಂಟ್ಸಿ ಗುರು ಮುಗೀತು 😂

ವೆಕ್ಟರ್ ಅಕ್ಕ
ಮೊದ್ಲು ಒಂದು ವಿಷ್ಯ ಹೇಳಿ, ಲೋಗೋ ಫೈಲ್ ಯಾವ ರೂಪದಲ್ಲಿದೆ? ವಾಟ್ಸಾಪಲ್ಲಿ ಬಂದಿರೋ ಜೆಪಿಜಿ ಅಂತ ಹೇಳ್ಬೇಡಿ ದಯವಿಟ್ಟು.

ಬೋಗಿ ರಾಜ
ಇಲ್ಲ ಅಕ್ಕ, ಪವರ್‌ಪಾಯಿಂಟಲ್ಲಿದೆ.

ವೆಕ್ಟರ್ ಅಕ್ಕ
ಇದು ಅದಕ್ಕಿಂತ ಕಷ್ಟ. ಲೋಗೋ ಮೊದಲು ಮಾಡಿದವರ ಹತ್ರ ಇಲ್ಲಸ್ಟ್ರೇಟರಿನ ಎಐ ಅಥವಾ ಇಪಿಎಸ್ ಫೈಲ್ ಇರುತ್ತೆ, ಎಷ್ಟು ದೊಡ್ಡದು ಮಾಡಿದ್ರೂ ಗೆರೆ ಒಡೆಯದ ವೆಕ್ಟರ್ ಫೈಲ್ ಅದು, ಅವರನ್ನ ಹಿಡೀರಿ. ಅದು ಸಿಗ್ಲಿಲ್ಲ ಅಂದ್ರೆ ಮತ್ತೆ ಗೆರೆ ಎಳೆದು ಹೊಸದಾಗಿ ಮಾಡಿಸ್ಬೇಕು. ನೀಲಿ ಅಂದ್ರೆ ಯಾವ ನೀಲಿ ಅಂತ ಪ್ಯಾಂಟೋನ್ ನಂಬರೂ (ಪ್ರಿಂಟರ್‌ಗಳು ಬಣ್ಣ ಗುರುತಿಸೋ ನಂಬರ್) ಬೇಕು, ಸ್ಕ್ರೀನ್ ಮೇಲೆ ನೋಡಿ ಇದೇ ಅಂದ್ರೆ ಆಗಲ್ಲ.

ಇಂಕ್ ಕೈ
ಪ್ಯಾಡ್ ಪ್ರಿಂಟಿಂಗ್ ನನ್ನ ಹೊಟ್ಟೆಪಾಡು, ಗಾಲ್ಫ್ ಬಾಲ್ ಲೆಕ್ಕ ಇಲ್ಲದಷ್ಟು ಹೊಡೆದಿದೀನಿ, ಆಡಿದ್ದು ಮಾತ್ರ ಇಲ್ಲ. ಸ್ವಲ್ಪ ಉದ್ದ ಆಗುತ್ತೆ ಬೇಜಾರು ಮಾಡ್ಕೋಬೇಡಿ.

ಒಂದು ಉಕ್ಕಿನ ಪ್ಲೇಟ್ ಇರುತ್ತೆ, ಕ್ಲೀಷೆ ಅಂತೀವಿ. ಅದರಲ್ಲಿ ನಿಮ್ಮ ಲೋಗೋನ ಕೊರೆದಿರ್ತಾರೆ, ಆಳ ಎಷ್ಟು ಅಂದ್ರೆ ಸುಮಾರು 25 ಮೈಕ್ರಾನ್, ಕೂದಲಿಗಿಂತ ಕಮ್ಮಿ. ಆ ಹಳ್ಳದಲ್ಲಿ ಇಂಕ್ ತುಂಬಿ, ಮೇಲಿರೋದನ್ನ ಬ್ಲೇಡು ಅಥವಾ ಇಂಕ್ ಕಪ್ಪಿನ ಅಂಚು ಒರೆಸ್ಕೊಂಡು ಹೋಗುತ್ತೆ, ಹಳ್ಳದಲ್ಲಿರೋದು ಮಾತ್ರ ಉಳಿಯುತ್ತೆ. ಆಮೇಲೆ ಮೆತ್ತನೆ ಸಿಲಿಕಾನ್ ಪ್ಯಾಡ್ ಬಂದು ಒತ್ತಿ ಆ ಇಂಕ್ ಎತ್ಕೊಂಡು ಹೋಗಿ ಬಾಲ್ ಮೇಲೆ ಕೂರಿಸುತ್ತೆ. ಕೇಳೋಕೆ ರಬ್ಬರ್ ಸ್ಟ್ಯಾಂಪ್ ಥರ ಇದೆ ಆದ್ರೆ ಆಟ ಎಲ್ಲ ಥಿನ್ನರ್‌ದು. ಹಳ್ಳದಲ್ಲಿರೋ ಇಂಕಿನ ಮೇಲ್ಭಾಗದಿಂದ ಥಿನ್ನರ್ ಆರಿ ಅಂಟಂಟಾಗುತ್ತೆ, ಅದಕ್ಕೇ ಪ್ಯಾಡಿಗೆ ಹತ್ಕೊಳ್ಳುತ್ತೆ. ಪ್ಯಾಡ್ ಪ್ಲೇಟಿಂದ ಬಾಲ್‌ಗೆ ಹೋಗೋ ಆ ಒಂದೆರಡು ಸೆಕೆಂಡಲ್ಲಿ, ಇಷ್ಟೊತ್ತು ತಳದಲ್ಲಿದ್ದ ಭಾಗ ಗಾಳಿಗೆ ಬಂತಲ್ಲ, ಅದು ಅಂಟಾಗುತ್ತೆ, ಹಂಗಾಗಿ ಬಾಲ್ ಮುಟ್ಟಿದ ತಕ್ಷಣ ಅಲ್ಲಿ ಕಚ್ಕೊಳ್ಳುತ್ತೆ, ಸಿಲಿಕಾನ್‌ಗೆ ಯಾವುದನ್ನೂ ಹಿಡಿದಿಟ್ಕೊಳ್ಳೋ ಸ್ವಭಾವ ಇಲ್ಲ, ಬಿಟ್ಕೊಡುತ್ತೆ. ಸೆಕೆ ಜಾಸ್ತಿ ಇದ್ರೆ ಇಂಕ್ ಪ್ಯಾಡ್ ಮೇಲೇ ಒಣಗಿ ಹೋಗುತ್ತೆ, ಆಗ ನಿಧಾನ ಆರೋ ಥಿನ್ನರ್ ಹಾಕ್ಬೇಕು. ಹವಾ ತೀರಾ ಒಣಗಿದ್ರೆ ಸ್ಟ್ಯಾಟಿಕ್ ಕರೆಂಟ್ ಬಂದು ಲೋಗೋ ಅಂಚಿಗೆ ಜೇಡರ ಕಾಲಿನ ಥರ ಕೂದಲು ಏಳುತ್ತೆ. ಬೆಳಗ್ಗೆ ಚೆನ್ನಾಗಿ ಬಂದ ಪ್ರಿಂಟು ಮಧ್ಯಾಹ್ನ ಕೈ ಕೊಡೋದು ಇದಕ್ಕೇ.

ಈಗ ಬಾಲ್ ವಿಷ್ಯ. ಪೆನ್ ಮೇಲೆ, ಮಗ್ ಮೇಲೆ ಹೊಡೆಯೋದು ಬೇರೆ, ಇದು ದುಂಡಗೂ ಇದೆ, ಮೇಲೆ ಡಿಂಪಲ್ ಅನ್ನೋ ಗುಳಿನೂ ಇದೆ. ಪ್ಯಾಡ್ ಗಟ್ಟಿ ಇದ್ರೆ ಡಿಂಪಲ್ ತಳಕ್ಕೆ ಮುಟ್ಟಲ್ಲ, ಲೋಗೋ ಮಧ್ಯೆ ಮಧ್ಯೆ ಬಿಳಿ ಚುಕ್ಕೆ ಉಳಿಯುತ್ತೆ. ಮೆತ್ತಗಿದ್ರೆ ತಳ ಮುಟ್ಟುತ್ತೆ ಆದ್ರೆ ಚಿತ್ರ ಹಿಗ್ಗಿ ಗುರಾಣಿ ಹೋಗಿ ಗಡಿಗೆ ಆಗುತ್ತೆ 🙂 ಇವೆರಡರ ಮಧ್ಯೆ ಒಂದು ಪ್ಯಾಡ್ ಹುಡುಕೋದೇ ನಮ್ಮ ಕಸುಬು. ಅದಕ್ಕೇ ಪ್ಯಾಡ್ ತುದಿ ಚೂಪಾಗಿರುತ್ತೆ, ಮಧ್ಯದಿಂದ ಹೊರಕ್ಕೆ ಉರುಳ್ತಾ ಗಾಳಿ ಹೊರಗೆ ದಬ್ಬುತ್ತೆ, ಚಪ್ಪಟೆ ಇದ್ದಿದ್ರೆ ಗಾಳಿ ಸಿಕ್ಕಾಕೊಂಡು ಸೂಜಿ ತೂತು ಬೀಳ್ತಿತ್ತು.

ನಿಮಗೆ ಎರಡು ಕಲರ್ ಅಂದವರು ಸುಳ್ಳು ಹೇಳಿಲ್ಲ. ಒಂದೊಂದು ಕಲರ್‌ಗೂ ಒಂದು ಕ್ಲೀಷೆ, ಒಂದು ಪ್ಯಾಡ್, ಒಂದು ಸಲ ಒತ್ತೋದು. ಬಾಲ್ ಅದನ್ನ ಹಿಡಿಯೋ ಒಂದು ಬಟ್ಟಲಲ್ಲಿ ಕೂತಿರುತ್ತೆ, ಸ್ವಲ್ಪ ಅಲುಗಿದ್ರೂ ಎರಡನೇ ಕಲರ್ ಪಕ್ಕಕ್ಕೆ ಬೀಳುತ್ತೆ. ಶೇಡ್ ಬೇಕು ಅಂದ್ರೆ ಚುಕ್ಕೆ ಚುಕ್ಕೆ ಮಾಡಿ ಹಾಫ್‌ಟೋನ್ ಹೊಡೀಬೋದು, ಡಿಂಪಲ್ ಮೇಲೆ ಅದು ಕೊಳೆ ಥರ ಕಾಣುತ್ತೆ, ನಾನಂತೂ ಬೇಡ ಅಂತೀನಿ.

ವೆಕ್ಟರ್ ಅಕ್ಕ
ಇದನ್ನ ಕ್ಲೈಂಟ್‌ಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಒಂದು ಡಿಂಪಲ್ ಅಗಲ ಹೆಚ್ಚುಕಮ್ಮಿ 3ರಿಂದ 4 ಮಿ.ಮೀ. ಇರುತ್ತೆ. ನಿಮ್ಮ ಘೋಷವಾಕ್ಯದ ಅಕ್ಷರ 1 ಮಿ.ಮೀ. ಎತ್ತರ ಅಂತಿಟ್ಕೊಳ್ಳಿ, ಒಂದು ಪದದ ಅರ್ಧ ಗುಳಿ ಒಳಗೆ ಅರ್ಧ ದಿಬ್ಬದ ಮೇಲೆ. ಕನ್ನಡ ಅಕ್ಷರ ಆದ್ರೆ ಒತ್ತಕ್ಷರ ಎಲ್ಲ ಸೇರ್ಕೊಂಡು ಮಸಿ ಚುಕ್ಕೆ ಆಗುತ್ತೆ. ಘೋಷವಾಕ್ಯನ ಬಾಕ್ಸ್ ಮೇಲೆ ಹಾಕ್ಕೊಳ್ಳಿ, ಬಾಲ್ ಮೇಲೆ ಬರೀ ಗುರಾಣಿ, ದಪ್ಪ ಗೆರೇಲಿ.

ಸುಮ್ನೆ ನೋಡೋನು
ಒಂದು ಡೌಟು, ಸೀರಿಯಸ್ಸಾಗೇ. ಇಷ್ಟೆಲ್ಲಾ ಇಂಕ್ ಒಂದೇ ಕಡೆ ಹಾಕಿದ್ರೆ ಬಾಲ್ ಒಂದ್ಕಡೆ ಭಾರ ಆಗಿ ಸೊಟ್ಟ ಹೋಗಲ್ವಾ? ಡಿಂಪಲ್ ಮುಚ್ಚಿ ಹೋಗಲ್ವಾ?

ರಬ್ಬರ್ ಗುಂಡು
ಛಲೋ ಪ್ರಶ್ನೆ ಕೇಳೀರಿ. ನಾ ಬಾಲ್ ತಯಾರ್ ಮಾಡೂ ಕಡೆಯಿಂದ ಬಂದವ, ಲೆಕ್ಕಾ ಹಾಕಿ ತೋರಸ್ತೀನಿ ನೋಡ್ರಿ. ಲೋಗೋ ಅಂದ್ರ 22 ಮಿ.ಮೀ. ಅಗಲದ ಒಂದು ಗುಂಡ ಅಂತ ಹಿಡೀರಿ, ಪೂರಾ ಇಂಕ್ ತುಂಬೇತಿ ಅಂತ ತಿಳೀರಿ, ಅದರ ಜಾಗಾ ಸುಮಾರು 3.8 ಚದರ ಸೆಂ.ಮೀ. ಆತು. 25 ಮೈಕ್ರಾನ್ ಹಳ್ಳದಾಗಿಂದ ಪೂರಾ ಇಂಕ್ ಬರೂದಿಲ್ಲ, ಬಂದದ್ದರಾಗ ಥಿನ್ನರ್ ಹಾರಿ ಹೋಗತೈತಿ, ಒಣಗಿದ ಮ್ಯಾಲೆ ಐದಾರು ಮೈಕ್ರಾನ್ ಉಳದ್ರ ಹೆಚ್ಚು. ತೂಕ ಎರಡು ಮೂರು ಮಿಲಿಗ್ರಾಂ. ಬಾಲಿನ ತೂಕ ನಿಯಮದ ಪ್ರಕಾರ 45.93 ಗ್ರಾಂ ದಾಟಬಾರ್ದು, ಅಂದ್ರ ಹತ್ತಿರ ಹತ್ತಿರ 46 ಸಾವಿರ ಮಿಲಿಗ್ರಾಂ. ಅದರಾಗ ಮೂರು! ಡಿಂಪಲ್ ಆಳ ಕಾಲು ಮಿಲಿಮೀಟರ್ ಆಸುಪಾಸು, ಅಂದ್ರ 250 ಮೈಕ್ರಾನ್, ಅದನ್ನ ಆರು ಮೈಕ್ರಾನ್ ಇಂಕ್ ಏನ್ ಮುಚ್ಚತೈತ್ರಿ. ಸೊಟ್ಟ ಹೋದ್ರ ಅದು ಕೈದ ತಪ್ಪು ಬಿಡ್ರಿ.

ಬಾಲ್ ಸೊಟ್ಟ ಹೋಗಾಕ ಖರೇ ಕಾರಣ ಒಳಗಿರತೈತಿ. ಕೋರ್ ಅಂತೇವಲ್ಲ, ಪಾಲಿಬ್ಯುಟಾಡೈಯೀನ್ ರಬ್ಬರ್‌ಗೆ ಝಿಂಕ್ ಡೈಅಕ್ರಿಲೇಟ್, ಪೆರಾಕ್ಸೈಡ್ ಕೂಡ್ಸಿ ಕಾಸಿ ಒತ್ತಿ ಗುಂಡ ಮಾಡ್ತಾರ. ಅದರ ಮ್ಯಾಲೆ ಕವರ್. ಸರ್ಲಿನ್ ಥರದ ಅಯನೋಮರ್ ಪ್ಲಾಸ್ಟಿಕ್ ಕವರ್ ಇದ್ರ ಇಂಜೆಕ್ಷನ್ ಮೋಲ್ಡ್‌ನಾಗ ಕೋರ್‌ನ ಸಣ್ಣ ಪಿನ್ನು ನಟ್ಟ ನಡಬರ್ಕ ಹಿಡಕೊಂಡ ನಿಂತಿರ್ತಾವು, ಪ್ಲಾಸ್ಟಿಕ್ ಸುತ್ತ ತುಂಬಿದ ಕೂಡ್ಲೆ ಹಿಂದ ಸರೀತಾವು. ಆ ಪಿನ್ನು ಹೆಚ್ಚುಕಡಿಮಿ ಆತಂದ್ರ ಕೋರ್ ಒಂದ್ ಬಾಜೂ ಸರದು ಬಾಲ್ ವಾಲತೈತಿ. ಟೈಟ್ಲಿಸ್ಟ್ ಅನ್ನೂ ಬಾಲ್ ಬ್ರ್ಯಾಂಡ್ ಹುಟ್ಟಿದ್ದ ಇದರಿಂದ. 1930ರ ದಶಕದ ಮೊದಲಿಗೆ ಅಕುಶ್ನೆಟ್ ರಬ್ಬರ್ ಕಂಪನಿ ಮಾಲೀಕ ಫಿಲ್ ಯಂಗ್ ತಾ ಹೊಡದ ಪಟ್ (ಕುಳಿಗೆ ಉರುಳಿಸೂ ಮೆತ್ತನ ಹೊಡತ) ತಪ್ಪಿದ್ದಕ್ಕ ಬಾಲ್‌ನ ಎಕ್ಸ್‌ರೇ ತಗಸಿ ನೋಡಿದ, ಕೋರ್ ನಡುವ ಇರಲಿಲ್ಲ. 1935ಕ್ಕ ತನ್ನದ ಬಾಲ್ ಮಾರಾಟಕ್ಕ ತಂದ. ನಾವೂ ಪಟ್ ತಪ್ಪಿಸ್ತೇವಿ, ಎಕ್ಸ್‌ರೇ ತಗಸೂದಿಲ್ಲ, ಬ್ಯಾಗ್ ಹೊರೂ ಕ್ಯಾಡಿಗೆ ಬೈತೇವಿ ಅಷ್ಟ.

ಬೋಗಿ ರಾಜ
ಹಹಹ ನನ್ನ ಬಾಲ್‌ಗಳನ್ನೆಲ್ಲ ಎಕ್ಸ್‌ರೇ ತೆಗೆಸ್ಬೇಕು ಹಂಗಾದ್ರೆ. ಸರಿ, ಇನ್ನೊಂದು, ಕಂಪನಿ ಹೆಸ್ರು ನಂಬರ್ ಎಲ್ಲ ಎಷ್ಟು ಹೊಡೆದ್ರೂ ಹೋಗಲ್ಲ, ಆದ್ರೆ ಹೋದ ಸಲ ಬೇರೆ ಯಾರೋ ಹಂಚಿದ ಲೋಗೋ ಬಾಲ್ ಒಂದು ರೌಂಡಿಗೇ ಕಿತ್ಕೊಂಡು ಬಂತು. ಯಾಕೆ?

ರಬ್ಬರ್ ಗುಂಡು
ಕಾರ್ಖಾನ್ಯಾಗ ಬಾಲ್‌ಗೆ ಬಿಳಿ ಪೇಂಟ್ ಹೊಡದು, ಅದರ ಮ್ಯಾಲೆ ಹೆಸ್ರು ನಂಬರ್ ಪ್ಯಾಡ್ ಪ್ರಿಂಟ್ ಮಾಡಿ, ಎಲ್ಲಾದರ ಮ್ಯಾಲೆ ಕ್ಲಿಯರ್ ಕೋಟ್ ಹೊಡೀತಾರ. ಇಂಕ್ ಗಾಜಿನ ಕೆಳಗ ಇದ್ದಂಗ. ನೀವು ತಯಾರಾದ ಬಾಲ್ ತಗೊಂಡ್ ಹೋಗಿ ಪ್ರಿಂಟ್ ಹಾಕ್ಸಿದ್ರ ಅದು ಕ್ಲಿಯರ್ ಕೋಟಿನ ಮ್ಯಾಲೆ ಕೂಡತೈತಿ, ಹೊಡಿಯೂ ಕೋಲು, ಅಂದ್ರ ಕ್ಲಬ್ಬು, ಡೈರೆಕ್ಟ್ ಅದನ್ನ ಹೊಡೀತೈತಿ. ದೊಡ್ಡ ಆರ್ಡರ್ ಇದ್ರ ಕಾರ್ಖಾನಿಯಾಗ ಕೋಟಿನ ಕೆಳಗ ಹಾಕಿಸ್ಕೋಬಹುದು, 36 ಡಜನ್‌ಗೆ ಎಲ್ಲಾರೂ ಒಪ್ಪೂದಿಲ್ಲ.

ಇಂಕ್ ಕೈ
ಮೇಲೆ ಕೂತ್ರೂ ಬಾಳಿಕೆ ಬರುತ್ತೆ ಸಾರ್, ಸರಿಯಾಗಿ ಮಾಡಿದ್ರೆ. ನನ್ನದೇ ಒಂದು ಮಾನ ಹೋದ ಕಥೆ ಹೇಳ್ತೀನಿ. ಈ ಇಂಕ್ ಎರಡು ಭಾಗದ್ದು, ಇಂಕಿಗೆ ಹಾರ್ಡನರ್ ತೂಕ ಮಾಡಿ ಬೆರೆಸ್ಬೇಕು. ಬೆರೆಸಿದ ಮೇಲೆ ಕೆಲವೇ ಗಂಟೆ ಆಯಸ್ಸು, ಆಮೇಲೆ ಡಬ್ಬದಲ್ಲೇ ಗಟ್ಟಿಯಾಗೋಕೆ ಶುರು. ಒಂದ್ಸಲ ಮಧ್ಯಾಹ್ನ ಹೊಸ ಇಂಕ್ ಕಲಸುವಾಗ ಫೋನ್ ಬಂತು, ಮಾತಾಡ್ತಾ ಹಾರ್ಡನರ್ ಹಾಕೋದೇ ಮರೆತೆ. ಪ್ರಿಂಟ್ ಮಾತ್ರ ಅದ್ಭುತವಾಗಿ ಬಂತು, ಮುಟ್ಟಿದ್ರೂ ಅಂಟಲಿಲ್ಲ, ಪ್ಯಾಕ್ ಮಾಡಿ ಕಳಿಸಿಬಿಟ್ಟೆ. ವಾರದ ಮೇಲೆ ಗಿರಾಕಿ ಬಂದು ಉಗುರಲ್ಲಿ ಕೆರೆದು ಲೋಗೋನ ನನ್ನ ಕಣ್ಣೆದುರೇ ಪುಡಿ ಪುಡಿ ಉದುರಿಸಿದ್ರು. ಅರ್ಧ ಆರ್ಡರ್ ಚೆನ್ನಾಗಿತ್ತು, ಅರ್ಧ ಹಂಗೆ, ಯಾವ ಡಬ್ಬದಲ್ಲಿ ಯಾವುದು ಅಂತ ಗೊತ್ತಾಗದೇ ಪೂರ್ತಿ ಮತ್ತೆ ಹೊಡ್ಕೊಟ್ಟೆ. ಅವತ್ತಿಂದ ಇಂಕ್ ಕಲಸುವಾಗ ಫೋನ್ ಆಫ್.

ಇನ್ನೊಂದು ಕಾರಣ ಬಾಲ್ ಒರೆಸದೇ ಇರೋದು. ಕೈ ಜಿಡ್ಡು ಸಾಕು ಇಂಕ್ ನಿಲ್ಲದೇ ಇರೋಕೆ. ಆಲ್ಕೋಹಾಲಲ್ಲಿ ಒರೆಸಿ, ಕವರ್ ನೋಡ್ಕೊಂಡು ಪ್ರೈಮರ್ ಹಚ್ಚೋರು ಪ್ರೈಮರ್ ಹಚ್ತಾರೆ, ಕೆಲವರು ಒಂದು ಕ್ಷಣ ಬೆಂಕಿ ಜ್ವಾಲೆ ತಾಗಿಸ್ತಾರೆ. ಪ್ರಿಂಟ್ ಆದ್ಮೇಲೆ ಒಣಗಿಸೋಕೆ ಬಿಸಿ ಕೊಡ್ಬೋದು ಆದ್ರೆ ಜಾಸ್ತಿ ಕೊಡಂಗಿಲ್ಲ, ಅಯನೋಮರ್ ಬೇಗ ಮೆತ್ತಗಾಗುತ್ತೆ. ಮುಟ್ಟಿದ್ರೆ ಒಣಗಿದೆ ಅನ್ಸಿದ್ರೂ ಒಳಗೆ ಪೂರ್ತಿ ಗಟ್ಟಿಯಾಗೋಕೆ ಕೆಲವು ದಿನ ಬೇಕು. ಬೋಗಿ ಸಾರ್ ನೀವು ಸ್ಯಾಂಪಲ್ ಬಂದ ಮೇಲೆ ಒಂದಿನ ಬಿಟ್ಟು ಸೆಲೋಟೇಪ್ ಗಟ್ಟಿ ಒತ್ತಿ ಸರಕ್ಕನೆ ಎಳೀರಿ. ಟೇಪಿಗೆ ಬಣ್ಣ ಬಂತಾ, ವಾಪಸ್ ಕಳ್ಸಿ. ಆಮೇಲೆ ಸ್ಪ್ರೇ ಥರ ಬರೋ ಸೊಳ್ಳೆ ಔಷಧಿ ಕೈಗೆ ಹಚ್ಕೊಂಡು ಬಾಲ್ ಹಿಡ್ದು ನೋಡಿ, ಅದರಲ್ಲಿರೋ ಡೀಟ್ ಪೇಂಟನ್ನೇ ಕರಗಿಸುತ್ತೆ, ಯಾರೂ ಈ ಟೆಸ್ಟ್ ಮಾಡಲ್ಲ, ಗಾಲ್ಫ್ ಮೈದಾನದಲ್ಲಿ ಎಲ್ಲರ ಕೈಲೂ ಇರೋದು ಅದೇ.

ವೆಕ್ಟರ್ ಅಕ್ಕ
ಯುವಿ ಬಗ್ಗೆ ಇಂಕ್ ಕೈ ಅವರು ಏನೂ ಹೇಳ್ಲೇ ಇಲ್ಲ ನೋಡಿ 😏 ಪ್ಲೇಟ್ ಖರ್ಚಿಲ್ಲ, ಒಂದೇ ಬಾಲ್ ಬೇಕಾದ್ರೂ ಹೊಡ್ಕೊಡ್ತಾರೆ, ಪ್ರತಿ ಬಾಲ್ ಮೇಲೂ ಬೇರೆ ಬೇರೆ ಹೆಸ್ರು ಹಾಕ್ಬೋದು, ಶೇಡ್ ಕೂಡ ಬರುತ್ತೆ. ಬೋಗಿ ರಾಜ ಅವರ ಲೋಗೋಗೆ ಅದೇ ಸರಿ ಅಲ್ವಾ?

ಇಂಕ್ ಕೈ
ಬೈದುಬಿಡ್ತೀನಿ ಅಂತ ಸುಮ್ನಿದ್ದೆ ಅಕ್ಕ. ಒಪ್ತೀನಿ, ಒಂದು ಡಜನ್ ಎರಡು ಡಜನ್‌ಗೆ ನಾನೇ ಯುವಿ ಕಡೆ ಕಳಿಸ್ತೀನಿ. ಆದ್ರೆ ಇಂಕ್‌ಜೆಟ್ ಹೆಡ್ಡು ಬಾಲ್‌ನ ಮುಟ್ಟಲ್ಲ, ಮೇಲಿಂದ ಹನಿ ಉದುರಿಸುತ್ತೆ, ಹೆಡ್ಡಿಗೂ ಮೈಗೂ ಒಂದೆರಡು ಮಿಲಿಮೀಟರ್ ಅಂತರ ಇದ್ರೇನೇ ಗೆರೆ ಚೂಪಾಗಿ ಬರೋದು. ಬಾಲ್ ದುಂಡಗಿದೆ. ನಡು ನೆತ್ತಿಯಿಂದ 6 ಮಿ.ಮೀ. ಆಚೆ ಹೋದ್ರೆ ಮೈ ಒಂದು ಮಿಲಿಮೀಟರಿಗಿಂತ ಸ್ವಲ್ಪ ಕಮ್ಮಿ ಕೆಳಗೆ ಇಳಿದಿರುತ್ತೆ, 11 ಮಿ.ಮೀ. ಆಚೆ ಹೋದ್ರೆ ಸುಮಾರು 3 ಮಿಲಿಮೀಟರ್ ಇಳಿದಿರುತ್ತೆ. ಅಂದ್ರೆ 12 ಮಿ.ಮೀ. ಅಗಲದ ಲೋಗೋ ಖಡಕ್ಕಾಗಿ ಬರುತ್ತೆ, 22ರದ್ದು ಅಂಚಲ್ಲಿ ಮಂಜು ಮಂಜು, ಸುತ್ತ ಹನಿ ಚೆಲ್ಲಿರುತ್ತೆ. ಆಮೇಲೆ ಯುವಿ ಇಂಕ್ ದಪ್ಪ ಕೂರುತ್ತೆ, ಪ್ರೈಮರ್ ಇಲ್ಲದೇ ಇದ್ರೆ ಡ್ರೈವರ್ ಕ್ಲಬ್ಬಿನ ಏಟಿಗೆ ಚಕ್ಕೆ ಏಳುತ್ತೆ.

ವೆಕ್ಟರ್ ಅಕ್ಕ
ಪ್ರೈಮರ್ ಹಾಕಿ ಚೆನ್ನಾಗಿ ಮಾಡೋರೂ ಇದಾರೆ ರೀ. ಆದ್ರೆ ಈ 3 ಮಿಲಿಮೀಟರ್ ವಿಷ್ಯ ನಂಗೆ ಹೊಸದು, ನಾನು ಕೊಟ್ಟ ಒಂದು ಡಿಸೈನ್ ಅಂಚಲ್ಲಿ ಮಸುಕಾಗಿ ಬಂದಿದ್ದು ಯಾಕೆ ಅಂತ ಈಗ ಗೊತ್ತಾಯ್ತು, ಆವಾಗ ಪಾಪ ಪ್ರಿಂಟರ್‌ನ ಬೈದಿದ್ದೆ.

ಬೋಗಿ ರಾಜ
ಸರಿ, ತೀರ್ಮಾನ ಆಯ್ತು. ಪ್ಯಾಡ್ ಪ್ರಿಂಟ್, ಒಂದೇ ನೀಲಿ, ಶೇಡ್ ಇಲ್ಲ, ಘೋಷವಾಕ್ಯ ಇಲ್ಲ. ಬಾಸ್‌ಗೆ ಹೇಳೋದು ಹೆಂಗೆ ಅಂತ ಆಮೇಲೆ ನೋಡ್ಕೋತೀನಿ. ಬಾಕ್ಸ್ ಬಗ್ಗೆ ಯಾರಾದ್ರೂ?

ಡೈಲೈನ್ ದಾಸ
ನಾನುಂಟು ಮಾರಾಯ್ರೆ. ಎಲ್ಲ ಬಾಲ್ ಬಗ್ಗೆಯೇ ಮಾತಾಡ್ತಾರೆ, ಪೆಟ್ಟಿಗೆಯನ್ನು ಕೊನೆಯ ವಾರಕ್ಕೆ ನೆನಪು ಮಾಡಿಕೊಳ್ಳುದು, ನಮಗೆ ಯಾವಾಗಲೂ ಇದೇ ಗತಿ.

ಮೂರು ಬಾಲ್ ಹಾಕುವ ಉದ್ದದ ಸಣ್ಣ ಪೆಟ್ಟಿಗೆಗೆ ಸ್ಲೀವ್ ಅಂತ ಹೇಳುದು, ಅಂತ ನಾಲ್ಕು ಸ್ಲೀವ್ ದೊಡ್ಡ ಪೆಟ್ಟಿಗೆಗೆ ಹೋದರೆ ಒಂದು ಡಜನ್. ನಿಯಮದ ಪ್ರಕಾರ ಬಾಲ್ ವ್ಯಾಸ 42.67 ಮಿ.ಮೀ.ಗಿಂತ ಕಡಿಮೆ ಇರುವ ಹಾಗಿಲ್ಲ, ಅದು ಕನಿಷ್ಠ ಅಳತೆ ನೆನಪಿರಲಿ, ಬಾಲ್ ಸ್ವಲ್ಪ ದೊಡ್ಡದೇ ಇರ್ತದೆ. ಮೂರು ಸಾಲಾಗಿ ಇಟ್ಟರೆ 128 ಮಿ.ಮೀ. ಆಯ್ತು. ಹಾಗಂತ ಒಳಗಿನ ಅಳತೆ ಸರಿಯಾಗಿ 128 ಇಟ್ಟರೆ ಕೆಟ್ಟಿತು, ರಟ್ಟಿಗೆ ದಪ್ಪ ಉಂಟಲ್ಲ, ಮಡಚಿದಲ್ಲಿ ಒಳಗಿನ ಜಾಗ ತಿಂತದೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಬೋರ್ಡ್ ಅಂದ್ರೆ 0.4 ಮಿ.ಮೀ. ಹತ್ತಿರ ಹತ್ತಿರ. ಆ ಲೆಕ್ಕ ಎಲ್ಲ ಸೇರಿಸಿ ಡೈಲೈನ್, ಅಂದ್ರೆ ಬಿಚ್ಚಿಟ್ಟ ಪೆಟ್ಟಿಗೆಯ ನಕ್ಷೆ, ಬಿಡಿಸುದು, ಕತ್ತರಿಸುವ ಗೆರೆ ಒಂದು ಬಣ್ಣ, ಮಡಚುವ ಗೆರೆ ಇನ್ನೊಂದು, ಹೊರಗೆ 3 ಮಿ.ಮೀ. ಬ್ಲೀಡ್, ಅಂದ್ರೆ ಕತ್ತರಿಸುವ ಗೆರೆ ದಾಟಿ ಹಾಕುವ ಹೆಚ್ಚಿನ ಬಣ್ಣ. ನೀವು ಪ್ರಿಂಟ್ ಮಾಡುವ ಮೊದಲು ಖಾಲಿ ಬಿಳಿ ರಟ್ಟಿನಲ್ಲಿ ಒಂದು ಪೆಟ್ಟಿಗೆ ಮಾಡಿಸಿ, ನಿಮ್ಮದೇ ಬಾಲ್ ಹಾಕಿ ನೋಡಿ. ಬಾಲ್ ತನ್ನಷ್ಟಕ್ಕೆ ಜಾರಿ ಒಳಗೆ ಹೋಗಬೇಕು, ಅಲ್ಲಾಡಿಸಿದರೆ ಲೊಟಲೊಟ ಅನ್ನಬಾರದು.

ಮತ್ತೆ ರಟ್ಟಿಗೆ ನಾರಿನ ದಿಕ್ಕು ಅಂತ ಉಂಟು. ಅದು ಪೆಟ್ಟಿಗೆಯ ಸುತ್ತ ಬರುವ ಹಾಗೆ, ಉದ್ದದ ಮಡಿಕೆಗಳಿಗೆ ಅಡ್ಡವಾಗಿ ಇರಬೇಕು. ಕಾಗದ ಉಳಿಸ್ಲಿಕ್ಕೆ ಅಂತ ತಿರುಗಿಸಿ ಹಾಕಿದರೆ ಪೆಟ್ಟಿಗೆ ಹೊಟ್ಟೆ ಬಂದ ಹಾಗೆ ಉಬ್ಬಿ ನಿಲ್ತದೆ. ಒಂದು ಡಜನ್ ಬಾಲ್ ಅಂದ್ರೆ ಅರ್ಧ ಕೆಜಿ ಮೇಲೆ ಭಾರ, ಬರೀ ಬಾಲ್‌ದೇ 550 ಗ್ರಾಂ, ಸಣ್ಣ ಪೆಟ್ಟಿಗೆಗೆ ಅದು ತಮಾಷೆ ಅಲ್ಲ.

ಪ್ರಿಂಟ್ ಆಫ್‌ಸೆಟ್‌ನಲ್ಲಿ, ಆಮೇಲೆ ವಾರ್ನಿಷ್ ಅಥವಾ ಲ್ಯಾಮಿನೇಷನ್, ಆಮೇಲೆ ಡೈ ಕಟಿಂಗ್, ಅಂದ್ರೆ ಪೆಟ್ಟಿಗೆಯ ಆಕಾರದ ಬ್ಲೇಡ್ ಅಚ್ಚು (ಡೈ) ಒತ್ತಿ ಕೊಯ್ಯುದು, ಕೊನೆಗೆ ಅಂಟಿಸುದು. ಅಂಟಿಸುವ ಪಟ್ಟಿಯ ಮೇಲೆ ವಾರ್ನಿಷ್ ಬರಬಾರದು, ಇದನ್ನು ಫೈಲಿನಲ್ಲಿ ತೋರಿಸಬೇಕು. ಒಮ್ಮೆ ನಮ್ಮಲ್ಲಿ ಅದು ತಪ್ಪಿ ಹೋಗಿ ರಾತ್ರಿ ಅಂಟಿಸಿಟ್ಟ ಪೆಟ್ಟಿಗೆ ಎಲ್ಲ ಬೆಳಿಗ್ಗೆ ಬಾಯಿ ಬಿಟ್ಟುಕೊಂಡು ಕೂತಿದ್ದವು, ಮತ್ತೆ ಎಂತ ಮಾಡುದು, ಎಲ್ಲರೂ ಕೂತು ಒಂದೊಂದರ ಪಟ್ಟಿಯನ್ನು ಕೆರೆದದ್ದು. ನಿಮ್ಮದು 36 ಡಜನ್, ಅಂದ್ರೆ 144 ಸ್ಲೀವ್, 36 ದೊಡ್ಡದು. ಇಷ್ಟಕ್ಕೆ ಡೈ ಮಾಡಿಸುದು ದಂಡ, ಡಿಜಿಟಲ್ ಪ್ರಿಂಟ್ ಮಾಡಿ ಕಟಿಂಗ್ ಪ್ಲಾಟರ್‌ನಲ್ಲಿ (ಕಂಪ್ಯೂಟರ್ ಹೇಳಿದ ಗೆರೆಯಲ್ಲಿ ಕೊಯ್ಯುವ ಯಂತ್ರ) ಕೊಯ್ಸಿ. ಅದಕ್ಕಿಂತಲೂ ಸುಲಭ ಬೇಕಾದ್ರೆ ಕಂಪನಿ ಪೆಟ್ಟಿಗೆಯನ್ನೇ ಇಟ್ಟುಕೊಂಡು ಮೇಲಿಂದ ಒಂದು ಅಗಲದ ಪಟ್ಟಿ ಸುತ್ತಿ, ನೋಡ್ಲಿಕ್ಕೂ ಚಂದ ಉಂಟು.

ಬೋಗಿ ರಾಜ
ಪಟ್ಟಿ ಬೇಡ ಅಂತ ಬಾಸ್, ಪೂರ್ತಿ ನಮ್ಮದೇ ಬೇಕಂತೆ. ಲೋಗೋ ಕಾಣೋ ಹಾಗೆ ಸ್ಲೀವ್‌ಗೆ ಕಿಟಕಿನೂ ಬೇಕಂತೆ.

ಡೈಲೈನ್ ದಾಸ
ಕಿಟಕಿ ಇಟ್ಟರೆ ತಲೆನೋವು ಉಂಟು, ಈಗಲೇ ಹೇಳಿದ್ದೇನೆ. ಬಾಲ್ ದುಂಡಗೆ ಇರುದು.

ರಬ್ಬರ್ ಗುಂಡು
ಬಾಲ್ ಖರೀದಿ ಮಾಡೂವಾಗ ಒಂದು ನೋಡ್ಕೋರಿ. ಕಡಿಮಿಗೆ ಸಿಗತಾವು ಅಂತ ಎಕ್ಸ್-ಔಟ್ ತಗೋಬ್ಯಾಡ್ರಿ, ಏನರೆ ದೋಷ ಇದ್ದದ್ದಕ್ಕ ಹೆಸರಿನ ಮ್ಯಾಲೆ ಎಕ್ಸ್ ಹೊಡದು ಮಾರಿದ ಮಾಲ್ ಅದು. ಮತ್ತ ಹಳೇ ಬಾಲ್‌ಗೆ ಪೇಂಟ್ ಹೊಡದು ಹೊಸಾದು ಮಾಡಿದ್ದೂ ಬರತಾವು, ಆ ಪೇಂಟ್ ಮ್ಯಾಲೆ ನಿಮ್ಮ ಇಂಕ್ ಎಷ್ಟರೆ ಗಟ್ಟಿ ಕುಂತ್ರೂ ಪೇಂಟ್ ಸಮೇತ ಎದ್ದ ಬರತೈತಿ. ಬ್ಯಾರೇದವರ ಲೋಗೋ ಹೆಚ್ಚಾಗಿ ಉಳದ ಮಾಲ್ ಸಿಗತಾವು, ಆಡಾಕ ಅವು ಛಲೋ, ನಾನೂ ಅವನ್ನ ಆಡೂದು, ಆದ್ರ ಹಂಚಾಕ ಬರೂದಿಲ್ಲ.

ಇಂಕ್ ಕೈ
ಇದಕ್ಕೊಂದು ಸೇರಿಸ್ತೀನಿ. ಅಂಗಡಿ ಬಾಲ್‌ಗಳಲ್ಲಿ ಹೆಚ್ಚಾಗಿ ಎರಡೂ ನೆತ್ತಿ ಮೇಲೆ ಕಂಪನಿ ಹೆಸ್ರು ನಂಬರ್ ಇರುತ್ತೆ. ಲೋಗೋಗೆ ಅಂತಾನೇ ಒಂದು ನೆತ್ತಿ ಖಾಲಿ ಬಿಟ್ಟ ಬಾಲ್ ಸಿಕ್ಕಿದ್ರೆ ಅದನ್ನೇ ಕೇಳಿ, ಇಲ್ಲಾಂದ್ರೆ ಪಕ್ಕದಲ್ಲಿ ಖಾಲಿ ಜಾಗ ಹುಡುಕಿ ಒಂದೊಂದನ್ನೂ ಕೈಯಲ್ಲಿ ತಿರುಗ್ಸಿ ಬಟ್ಟಲಲ್ಲಿ ಕೂರಿಸ್ಬೇಕು.

ಬೋಗಿ ರಾಜ
ತಡವಾಗಿ ಬರ್ತಿದೀನಿ, ಅಪ್‌ಡೇಟ್. ಸ್ಯಾಂಪಲ್ ಬಂತು. ಟೇಪ್ ಟೆಸ್ಟ್ ಪಾಸ್. ಸೊಳ್ಳೆ ಔಷಧಿ ಟೆಸ್ಟಲ್ಲಿ ಸ್ವಲ್ಪ ಅಂಟಂಟಾಯ್ತು, ಪ್ರಿಂಟರ್ ಹತ್ರ ಕೇಳಿದ್ರೆ ಪ್ರಿಂಟ್ ಆಗಿ ಎರಡೇ ದಿನ ಆಗಿತ್ತು ಅಂದ್ರು, ವಾರ ಬಿಟ್ಟು ಅದೇ ಬಾಲ್ ನೋಡ್ದೆ, ಏನೂ ಆಗ್ಲಿಲ್ಲ. ಗುರಾಣಿ ಅಂಚು ಒಂಚೂರು ಹಿಗ್ಗಿತ್ತು, ಅದನ್ನ ಸರಿ ಮಾಡೋಕೆ ಅವರು ಫೈಲಲ್ಲೇ ಗುರಾಣಿನ ಸಪೂರ ಮಾಡಿ ಹೊಸ ಕ್ಲೀಷೆ ಹಾಕಿದ್ರು, ಈಗ ಬಾಲ್ ಮೇಲೆ ನೆಟ್ಟಗಿದೆ, ಫೈಲಲ್ಲಿ ನೋಡಿದ್ರೆ ಸೊಟ್ಟ. ಬಾಕ್ಸ್ ನೀಲಿ ಮತ್ತೆ ಬಾಲ್ ನೀಲಿ ಒಂದೇ ಪ್ಯಾಂಟೋನ್ ನಂಬರ್ ಆದ್ರೂ ಅಕ್ಕಪಕ್ಕ ಇಟ್ರೆ ಬೇರೆ ಬೇರೆ ಕಾಣ್ತಿತ್ತು, ಬಾಕ್ಸ್‌ದು ಒಂದು ಗೆರೆ ಗಾಢ ಮಾಡಿಸ್ದೆ.

ಕಿಟಕಿ ವಿಷ್ಯ ದಾಸ ಅವರು ಹೇಳಿದ್ದು ನಿಜ. 432 ಬಾಲ್‌ನ ಲೋಗೋ ಮುಂದಕ್ಕೆ ಬರೋ ಹಾಗೆ ನಾವು ನಾಲ್ಕು ಜನ ಕೂತು ತಿರುಗ್ಸಿ ತಿರುಗ್ಸಿ ಹಾಕಿದ್ವಿ. ಕಾರಲ್ಲಿ ತಗೊಂಡು ಹೋಗಿ ಇಳಿಸೋ ಹೊತ್ತಿಗೆ ಅರ್ಧಕ್ಕರ್ಧ ಬಾಲ್ ತಿರುಗಿ ಕಿಟಕೀಲಿ ಬರೀ ಬಿಳಿ.

ಡೈಲೈನ್ ದಾಸ
ನಾನು ಹೇಳ್ಲಿಲ್ವಾ. ಒಳಗೆ ಮೂರು ತೂತು ಇರುವ ಒಂದು ರಟ್ಟಿನ ಹಲಗೆ ಕೊಟ್ಟಿದ್ದರೆ ಬಾಲ್ ಅದರಲ್ಲಿ ಕೂತು ಅಲ್ಲೇ ನಿಲ್ತಿತ್ತು.

ಬೋಗಿ ರಾಜ
ಮುಂದಿನ ವರ್ಷಕ್ಕೆ ಅದೇ ಮಾಡ್ತೀವಿ. ಆದ್ರೆ ಬಾಸ್‌ಗೆ ಬಾಲ್ ತುಂಬಾ ಇಷ್ಟ ಆಗಿ, ಮುಂದಿನ ಸಲ ಹಳದಿ ಬಾಲ್ ಮೇಲೆ ಇದೇ ಲೋಗೋ ಹಾಕ್ಸೋಣ ಅಂತಿದಾರೆ.

ಇಂಕ್ ಕೈ
ಹಳದಿ ಮೇಲೆ ನೀಲಿ ನೇರವಾಗಿ ಹೊಡೆದ್ರೆ ಹಸಿರಿಗೆ ತಿರುಗುತ್ತೆ ಸಾರ್. ಕೆಳಗೆ ಬಿಳಿ ಹಾಕ್ಬೇಕು, ಅಂದ್ರೆ ಇನ್ನೊಂದು ಕ್ಲೀಷೆ, ಇನ್ನೊಂದು ಪ್ಯಾಡ್, ಅಂಚಲ್ಲಿ ಬಿಳಿ ಇಣುಕದ ಹಾಗೆ ಗುರಾಣಿನ ಮತ್ತೆ ಅಳತೆ ಮಾಡ್ಬೇಕು. ಆ ಪವರ್‌ಪಾಯಿಂಟ್ ಮಾತ್ರ ತರ್ಬೇಡಿ.